ಸ್ಟೆಂಟ್ ಹಾಕಿದವರಿಗೆ ಗೊರಕೆ ನಡುವೆ ಉಸಿರು ನಿಂತಂತೆ ಆಗುತ್ತಿದೆ, ಪರೀಕ್ಷೆ ಬೇಕಾ?

ನಿಮ್ಮ ಮನೆಯವರಿಗೆ ಸ್ಟೆಂಟ್ ಹಾಕಿ ಎಂಟು ತಿಂಗಳಾಯಿತು, ಗೊರಕೆ ನಡುವೆ ಉಸಿರು ನಿಂತ ಹಾಗಾಗುತ್ತದೆ, ಆದರೆ ಹಗಲು ತೂಕಡಿಕೆ ಇಲ್ಲ, ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಬೇಕು. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಮನೆಯಲ್ಲಿ ಇದೇ ತೊಂದರೆ ಎರಡು ವರ್ಷ ಯಾರಿಗೂ ಗೊತ್ತಾಗದೆ ಉಳಿದಿತ್ತು.

ನಮ್ಮ ಯಜಮಾನರಿಗೂ ಸ್ಟೆಂಟ್ ಆಗಿದೆ. ಬಿಪಿಗೆ ಮೂರು ಬಗೆಯ ಮಾತ್ರೆ ನುಂಗಿದರೂ 160ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದರು, ಶುಗರ್ ಇರಬೇಕು ಅಂದುಕೊಂಡೆವು. ಬೆಳಿಗ್ಗೆ ಎದ್ದರೆ ತಲೆನೋವು, ಪಿತ್ತ ಅಂದುಕೊಂಡೆವು. ಗೊರಕೆ ಕೇಳಿದರೆ ನನಗೆ ಸಮಾಧಾನ, ಪಾಪ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಅಂತ. ಗೊರಕೆ ನಿಂತು, ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಡಿ, ಆಮೇಲೆ ಗಕ್ಕನೆ ಉಸಿರು ಎಳೆದುಕೊಳ್ಳುವುದನ್ನು ಎಷ್ಟೋ ರಾತ್ರಿ ನೋಡಿದ್ದೆ. ಚೆಕಪ್‌ನಲ್ಲಿ ಎದೆನೋವು, ಸುಸ್ತು, ಉಪ್ಪು, ವಾಕಿಂಗ್ ಎಲ್ಲ ಕೇಳಿದರು. ನಿದ್ದೆ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರನ್ನು ಕೇಳಿದ್ದರೂ ಚೆನ್ನಾಗಿದೆ ಅನ್ನುತ್ತಿದ್ದರು. ಮಲಗಿದವರಿಗೆ ಇದು ಗೊತ್ತೇ ಆಗುವುದಿಲ್ಲ ಅಲ್ವಾ? ಪಕ್ಕದಲ್ಲಿ ಮಲಗುವ ನಾವೇ ಹೇಳಬೇಕು.

ಹಗಲು ತೂಕಡಿಸುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಹೃದಯದ ಕಾಯಿಲೆ ಇರುವ ಎಷ್ಟೋ ಜನರಿಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಈ ತೊಂದರೆ, ಇದ್ದರೂ ತೂಕಡಿಕೆ ಇರುವುದಿಲ್ಲ. ಬಿಪಿ, ಹೃದಯದ ರಕ್ತನಾಳದ ಕಾಯಿಲೆ, ಹಾರ್ಟ್ ಫೇಲ್ಯೂರ್ ಇಂಥವು ಇರುವವರಲ್ಲಿ ನೂರಕ್ಕೆ 40ರಿಂದ 80 ಮಂದಿಗೆ ಇದು ಇರುತ್ತದೆ, ಆದರೂ ಎಷ್ಟೋ ಸಲ ಪತ್ತೆಯಾಗುವುದಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೇಳಿದೆ.

ಆಗುವುದು ಇಷ್ಟು. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಗಾಳಿಯ ದಾರಿ ಮುಚ್ಚುತ್ತದೆ. ಆಕ್ಸಿಜನ್ ಇಳಿಯುತ್ತದೆ. ಮೆದುಳು ದಡಕ್ಕನೆ ಎಚ್ಚರಿಸುತ್ತದೆ, ಅಡ್ರಿನಲಿನ್ ಏರುತ್ತದೆ, ಬಿಪಿಯೂ ಏರುತ್ತದೆ. ಮುಚ್ಚಿದ ಗಂಟಲಿನಲ್ಲಿ ಉಸಿರೆಳೆಯಲು ಹೆಣಗುವಾಗ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ, ಮೂತ್ರ ಜಾಸ್ತಿ ಮಾಡಿಸುವ ಹಾರ್ಮೋನ್ ಬಿಡುತ್ತದೆ. ರಾತ್ರಿ ಮತ್ತೆ ಮತ್ತೆ ಏಳುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ನಾನು ಫೋನಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿದೆ. ನೀವೂ ಇವತ್ತು ರಾತ್ರಿಯೇ ಮಾಡಿ. ಪರೀಕ್ಷೆ ಮನೆಯಲ್ಲೇ ಆಯಿತು: ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ಟ್ಯೂಬ್, ಎದೆಗೆ ಬೆಲ್ಟ್. ಗಂಟೆಗೆ 38 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕಡಿಮೆಯಾಗುತ್ತಿತ್ತು. 30 ದಾಟಿದರೆ ತೀವ್ರ ಅಂತ ಲೆಕ್ಕ.

ಸಿಪ್ಯಾಪ್ ಯಂತ್ರ ಕೊಟ್ಟರು, ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವಂಥದ್ದು. ಮೊದಲ ಮೂರು ವಾರ ಕಷ್ಟ ಇತ್ತು. ಮಧ್ಯರಾತ್ರಿ ಕಿತ್ತು ಪಕ್ಕಕ್ಕೆ ಇಡುತ್ತಿದ್ದರು. ಮಾಸ್ಕ್ ಬದಲಿಸಿದೆವು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿ ಅಭ್ಯಾಸ ಮಾಡಿಸಿದೆ. ಈಗ ಐದಾರು ಗಂಟೆ ಹಾಕುತ್ತಾರೆ. ತಲೆನೋವು ಹೋಯಿತು, ಮೂತ್ರಕ್ಕೆ ಒಂದೇ ಸಲ ಏಳುತ್ತಾರೆ. ಬಿಪಿ ಸ್ವಲ್ಪ ಇಳಿದಿದೆ, ಮಾತ್ರೆ ನಿಂತಿಲ್ಲ. ಇದು ಹಾರ್ಟ್ ಅಟ್ಯಾಕ್ ತಡೆದೇ ತಡೆಯುತ್ತದೆ ಅಂತ ನಾನು ಹೇಳಲಾರೆ. 2016ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಹಾಗೇನೂ ಕಾಣಲಿಲ್ಲ. ಅದರಲ್ಲಿ ಜನ ಯಂತ್ರ ಹಾಕಿದ್ದು ರಾತ್ರಿಗೆ ಸರಾಸರಿ ಸುಮಾರು ಮೂರೂಕಾಲು ಗಂಟೆ ಮಾತ್ರ. ಹೃದಯದ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ.

ಇನ್ನೊಂದು ಮಾತು. ಎಕೋದಲ್ಲಿ ಹೃದಯದ ಪಂಪಿಂಗ್ ಕಡಿಮೆ ಬಂದಿದ್ದರೆ ಅದನ್ನು ಮೊದಲೇ ಹೇಳಿ. ಅಂಥವರಲ್ಲಿ ಗಂಟಲು ಮುಚ್ಚದೆ, ಉಸಿರಾಡು ಅನ್ನುವ ಸೂಚನೆಯೇ ಮೆದುಳಿನಿಂದ ಬಾರದಿರುವುದೂ ಉಂಟು. ಇದಕ್ಕೆ ಕೊಡುವ ಒಂದು ಬಗೆಯ ಯಂತ್ರದಿಂದ ಅಂಥ ರೋಗಿಗಳಲ್ಲಿ ಸಾವು ಹೆಚ್ಚಿದ್ದು 2015ರಲ್ಲಿ ಗೊತ್ತಾಯಿತು. ಆದ್ದರಿಂದ ಆನ್‌ಲೈನ್‌ನಲ್ಲಿ ಸುಮ್ನೆ ಯಂತ್ರ ತರಿಸಬೇಡಿ.

ಪರೀಕ್ಷೆ ಆಗುವವರೆಗೆ ಮಗ್ಗುಲಾಗಿ ಮಲಗಿಸಿ. ಕುಡಿಯುವ ಅಭ್ಯಾಸ ಇದ್ದರೆ ಸಂಜೆ ಬೇಡ, ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆಯೂ ಬೇಡ.