ನಾಕಾ ಎಂದರೆ ನಾಲ್ಕಲ್ಲ

ಕಾರವಾರಕ್ಕೆ ವರ್ಗವಾಗಿದೆ, ಭಾಷೆ ಬದಲಾದರೆ ಅರ್ಥವೂ ಬದಲಾಗುವ ಚಿಕ್ಕ ಪದಗಳ ಪಟ್ಟಿ ಯಾರಾದರೂ ಕೊಟ್ಟರೆ ಹೊರಡುವ ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತೇನೆ ಎಂದು ಕೇಳಿದ್ದೀರಿ. ಅಂಥದೊಂದು ಪಟ್ಟಿ ನನ್ನ ಬಳಿಯೂ ಇತ್ತು. ಅದರಲ್ಲಿ ‘ನಾಕಾ’ ಎಂಬ ಕೊಂಕಣಿ ಪದವಿತ್ತು. ಅದರ ಎದುರಿಗೆ ‘ಬೇಡ’ ಎಂದು ನಾನೇ ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದೆ. ಹಾಗಿದ್ದೂ ಅದೇ ಪದ ನನ್ನ ಸಂಬಳದಿಂದ 16,000 ರೂಪಾಯಿ ಕಿತ್ತುಕೊಂಡು ಹೋಯಿತು.

ನಾನು ಮುಂಡಗೋಡದ ಕಡೆಯವನು. ಜಿಲ್ಲೆ ಒಂದೇ ಆದರೂ ಘಟ್ಟದ ಮೇಲಿನ ನಮ್ಮ ಮಾತು ಹುಬ್ಬಳ್ಳಿಯ ಕಡೆಗೆ ವಾಲಿದ್ದು. ನಾಲ್ಕು ಎಂಬುದನ್ನು ಲಕಾರ ಸಮೇತ ನಾವು ಶಾಲೆಯಲ್ಲಿ ಮಾತ್ರ ಹೇಳಿದವರು. ಮನೆಯಲ್ಲಿ, ಸಂತೆಯಲ್ಲಿ ಅದು ‘ನಾಕ’. 2018ರಲ್ಲಿ ಕಾರವಾರದ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಬೈತಖೋಲ್ ಬಂದರಿನ ಬೋಟುಗಳಿಗೆ ಮರುದಿನ ಎಷ್ಟು ಗಾಡಿ ಐಸ್ ಬೇಕೆಂದು ಸಂಜೆ ಫೋನಿನಲ್ಲಿ ಕೇಳಿ, ಬರೆದುಕೊಂಡು, ಬೆಳಗಿನ ಜಾವ ಪುಡಿ ಮಾಡಿಸಿ ಕಳುಹಿಸುವುದು ನನ್ನ ಪಾಲಿನ ಕೆಲಸ. ಬೋಟಿನವರಲ್ಲಿ ಹೆಚ್ಚಿನವರು ಕೊಂಕಣಿ ಮಾತನಾಡುವವರು. ವರ್ಷ ತುಂಬುವುದರೊಳಗೆ ನನಗೂ ಕೊಂಕಣಿ ಅರ್ಥವಾಗತೊಡಗಿತ್ತು, ಮತ್ತು ಅರ್ಥವಾಗುತ್ತದೆ ಎಂಬ ಜಂಬವೂ ಬಂದಿತ್ತು.

2019ರ ಮೇ 29ರ ಸಂಜೆಯ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ಕೆಲವರು ಇನ್ನೊಂದು ಸಲ ಹೋಗಿ ಬರೋಣ ಎಂದು ಹೊರಡುತ್ತಾರೆ, ಕೆಲವರು ಬಲೆ ಬಿಚ್ಚಿ, ಬೋಟು ನಿಲ್ಲುವ ಧಕ್ಕೆಯ ಮೇಲೆ ಹರವುತ್ತಾರೆ. ಯಾರು ಯಾವ ಕಡೆ ಎಂಬುದು ಕೇಳದೆ ತಿಳಿಯುವುದಿಲ್ಲ. ನಾನು ಕೇಳಿದೆ. ಆದರೆ ಒಂದು ಬೋಟಿನ ತಾಂಡೇಲರನ್ನು, ಅಂದರೆ ಬೋಟು ನಡೆಸುವ ಮುಖ್ಯಸ್ಥರನ್ನು, ಕೇಳಿದ್ದು ಹೀಗೆ: “ತಾಂಡೇಲರೇ, ನಾಳೆಗೆ ಎಷ್ಟು ಗಾಡಿ?” ಅತ್ತ ಕಡೆಯಿಂದ ಉತ್ತರ ಬಂತು: “ನಾಕಾ.” ನಾನು ಖಾತ್ರಿ ಮಾಡಿಕೊಳ್ಳಲು ಕೇಳಿದೆ: “ನಾಕಾ?” ಅವರು ಹೇಳಿದರು: “ಹೊಯ್, ನಾಕಾ.” ಹೊಯ್ ಎಂದರೆ ಹೌದು. ಪುಸ್ತಕದಲ್ಲಿ 4 ಎಂದು ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿ, ಮನೆಗೆ ಹೋದೆ.

ಈ ತಪ್ಪನ್ನು ನಾನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೆಂದರೆ, ಅದರ ಪ್ರತಿಯೊಂದು ಬಿಡಿಭಾಗವೂ ಈಗ ನನಗೆ ಪರಿಚಿತ. ‘ಎಷ್ಟು’ ಎಂದು ಕೇಳಿದಾಗಲೇ, ಬೇಕು ಎಂಬುದನ್ನು ಅವರ ಪರವಾಗಿ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹಾಗೆ ಕೇಳಿದ ಕಿವಿ ಅಂಕಿಯನ್ನೇ ಕಾಯುತ್ತಿರುತ್ತದೆ, ಬಂದ ಸದ್ದು ಅಂಕಿಯಂತೆ ಇದ್ದರೆ ಸಾಕು, ಹಿಡಿದುಕೊಳ್ಳುತ್ತದೆ. ಪುಸ್ತಕದ ಅದೇ ಪುಟದಲ್ಲಿ ಆ ಬೋಟಿನ ಹಿಂದಿನ ಮೂರು ದಿನಗಳ ಲೆಕ್ಕ 4, 4, 4 ಎಂದು ಕಣ್ಣೆದುರಿಗೇ ಇತ್ತು. ಹಿಂದೆ ಐಸ್ ಪುಡಿ ಮಾಡುವ ಯಂತ್ರದ ಗಲಾಟೆ ಬೇರೆ. ಇವೆಲ್ಲ ನೆಪಗಳು ಎಂದೇ ಇಟ್ಟುಕೊಳ್ಳಿ. ನಿಜವಾಗಿ ಕೆಟ್ಟದ್ದು ಖಾತ್ರಿ ಮಾಡಿಕೊಂಡ ಜಾಗದಲ್ಲಿ. ನಮ್ಮ ಕಡೆಯ ‘ನಾಕ’ಕ್ಕೆ ಪ್ರಶ್ನೆಯ ‘ಆ’ ಸೇರಿಸಿದರೆ ‘ನಾಕಾ?’ ಎಂದಾಗುತ್ತದೆ, ಅಂದರೆ ‘ನಾಲ್ಕೇ?’ ಎಂದು. ತಾಂಡೇಲರ ಕಿವಿಗೆ ಬಿದ್ದದ್ದು ಅವರು ಆಡಿದ ಪದವೇ, ‘ಬೇಡವೇ?’ ಎಂಬ ಅರ್ಥದಲ್ಲಿ. ಅವರು ಹೌದೆಂದರು. ಇಬ್ಬರೂ ಕೇಳಿದ್ದು ಸರಿ, ಇಬ್ಬರೂ ಹೇಳಿದ್ದು ಸರಿ, ಎರಡು ಸಲ ಪರೀಕ್ಷಿಸಿದ್ದೂ ಆಯಿತು. ನಡುವೆ ಇದ್ದ ತಪ್ಪು ಮಾತ್ರ ಆ ಪರೀಕ್ಷೆಯಿಂದಲೇ ಇನ್ನಷ್ಟು ಗಟ್ಟಿಯಾಯಿತು. ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಕೊಂಕಣಿಯಲ್ಲಿ ನಾಲ್ಕಕ್ಕೆ ‘ಚಾರ್’ ಎನ್ನುತ್ತಾರೆ. ಹಿಂದಿನ ಮೂರು ದಿನವೂ ಇದೇ ತಾಂಡೇಲರು ನನಗೆ ‘ಚಾರ್’ ಎಂದೇ ಹೇಳಿದ್ದರು, ನಾನೂ ತಡವರಿಸದೆ 4 ಎಂದು ಬರೆದಿದ್ದೆ. ಮೂರು ದಿನ ಕೊಂಕಣಿಯಲ್ಲಿ ಎಣಿಸಿದ ಮನುಷ್ಯ ನಾಲ್ಕನೆಯ ದಿನ ಏಕಾಏಕಿ ಮುಂಡಗೋಡದ ಕನ್ನಡದಲ್ಲಿ ಎಣಿಸುತ್ತಾನೆ ಎಂದು ನಾನು ನಂಬಿದ್ದು ಹೇಗೆ ಎಂಬುದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಬೆಳಿಗ್ಗೆ ಆರು ಗಂಟೆಗೆ ನಾಲ್ಕು ಗಾಡಿ ಐಸ್ ಧಕ್ಕೆಯ ಮೇಲೆ ನಿಂತಿತ್ತು. ಬೋಟಿನ ಬಲೆ ಆಗಲೇ ಕೆಳಗಿಳಿದಿತ್ತು, ಖಲಾಸಿಗಳು ಹಿಂದಿನ ರಾತ್ರಿಯೇ ತಮ್ಮ ಊರುಗಳಿಗೆ ರೈಲು ಹತ್ತಿದ್ದರು. ಮೀನು ಮಾರುವ ಹೆಂಗಸರು ತಮ್ಮ ಬುಟ್ಟಿಗಳಿಗೆ ಒಂದಿಷ್ಟು ತುಂಬಿಸಿಕೊಂಡರು. ಉಳಿದದ್ದನ್ನು ಕೊಳ್ಳುವವರಿಲ್ಲ, ಪುಡಿ ಮಾಡಿದ ಐಸನ್ನು ಮರಳಿ ಗಡ್ಡೆ ಮಾಡುವಂತಿಲ್ಲ, ಮೇ ತಿಂಗಳ ಕಾರವಾರದ ಬಿಸಿಲು ನಿಮಗೆ ಇನ್ನು ಮೇಲೆ ಗೊತ್ತಾಗುತ್ತದೆ. ಹತ್ತು ಗಂಟೆಗೆ ಗಾಡಿಗಳ ಕೆಳಗೆ ಹಳ್ಳ ಹರಿಯುತ್ತಿತ್ತು. ಗಾಡಿಗೆ 4,000 ರೂಪಾಯಿಯಂತೆ ಮಾಲೀಕರು ನನ್ನ ಹೆಸರಿಗೆ ಬರೆದರು. ಕಂತುಗಳೂ ನಾಲ್ಕೇ.

ಇಷ್ಟು ಅನುಭವಿಸಿದ ಮೇಲೆ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲಾರೆ. ಒಂದು ಪದ ಹತ್ತು ಅರ್ಥ ಹೊತ್ತು ಭಾಷೆಯಿಂದ ಭಾಷೆಗೆ ಅಲೆಯುತ್ತಿದೆ ಎಂದು ನೀವು ಭಾವಿಸಿದಂತಿದೆ. ಹಾಗಲ್ಲ, ಬೇರೆ ಬೇರೆ ಮನೆಯಲ್ಲಿ ಹುಟ್ಟಿದ ಪದಗಳು ಸವೆದು ಸವೆದು ಒಂದೇ ಸದ್ದಿಗೆ ಬಂದು ನಿಂತಿವೆ. ನಮ್ಮ ‘ನಾಕ’ ತಮಿಳು ಮತ್ತು ಮಲಯಾಳದ ‘ನಾಲು’, ತೆಲುಗಿನ ‘ನಾಲುಗು’ ಇವುಗಳ ಒಡಹುಟ್ಟು, ನಡುವಿನ ಲಕಾರವನ್ನು ಕಳೆದುಕೊಂಡದ್ದು. ಕೊಂಕಣಿಯ ‘ನಾಕಾ’ ಮರಾಠಿಯ ‘ನಕೋ’, ದಖನಿ ಉರ್ದುವಿನ ‘ನಕ್ಕೋ’ ಇವುಗಳ ನೆಂಟ. ಅದರ ತಲೆಯಲ್ಲಿರುವುದು ಇಲ್ಲ ಎನ್ನುವ ಹಳೆಯ ‘ನ’. ಸಂಸ್ಕೃತದ ‘ನಾಕ’ ಸ್ವರ್ಗ, ಅದನ್ನೂ ಹಿಂದಿನವರು ‘ನ’ ಮತ್ತು ‘ಅಕ’ ಎಂದು ಬಿಡಿಸಿ, ದುಃಖವಿಲ್ಲದ ಜಾಗ ಎಂದು ವಿವರಿಸಿದ್ದಾರೆ. ಹಿಂದಿ, ಮರಾಠಿಗಳಲ್ಲಿ ‘ನಾಕ್’ ಎಂದರೆ ಮೂಗು. ತಮಿಳಿನ ‘ನಾಕ್ಕು’ ನಮ್ಮ ನಾಲಿಗೆ. ಪತ್ರಿಕೆಗಳಲ್ಲಿ ಓದುವ ನಾಕಾಬಂದಿಯ ‘ನಾಕಾ’ ರಸ್ತೆಯ ತಪಾಸಣೆಯ ಕಟ್ಟೆ. ಜಪಾನಿ ಭಾಷೆಯ ‘ನಕ’ ಎಂದರೆ ಒಳಗೆ ಅಥವಾ ನಡುವೆ. ಅಲ್ಲಿ ಬಹಳ ಜನರಿಗಿರುವ ‘ತನಕ’ ಎಂಬ ಮನೆತನದ ಹೆಸರಿಗೆ ಗದ್ದೆಯ ನಡು ಎಂಬ ಅರ್ಥವಂತೆ, ನಮಗೋ ಅದು ‘ಅಲ್ಲಿಯವರೆಗೆ’. ಓದಲು ಮೋಜಾಗಿದೆ, ಅಲ್ಲವೇ? ಈ ಪಟ್ಟಿಯಲ್ಲಿ ಯಾವುದೊಂದು ಸಾಲೂ ಆ ಸಂಜೆ ನನ್ನ ನೆರವಿಗೆ ಬರುತ್ತಿರಲಿಲ್ಲ, ಏಕೆಂದರೆ ಅರ್ಥ ಗೊತ್ತಿಲ್ಲದೆ ನಾನು ಕೆಟ್ಟವನಲ್ಲ.

ತೆಲುಗಿನದೊಂದನ್ನು ಬಿಟ್ಟೆ, ಬೇಕೆಂದೇ ಬಿಟ್ಟೆ. ತೆಲುಗಿನಲ್ಲಿ ‘ನಾಕು’ ಎಂದರೆ ‘ನನಗೆ’. ಕೊಂಕಣಿಯವರು ಬೇಡವೆನ್ನುವ ಸದ್ದಿನಲ್ಲಿ, ಕೊನೆಯ ಸ್ವರವೊಂದನ್ನು ಬದಲಿಸಿ, ತೆಲುಗಿನವರು ಕೈಚಾಚುತ್ತಾರೆ. ನಮ್ಮ ಪ್ಲಾಂಟಿಗೆ ಹೊಸದಾಗಿ ಬಂದ ಆಂಧ್ರದ ಹುಡುಗನೊಬ್ಬ ಗೇಟಿನೆದುರಿನ ಚಹದಂಗಡಿಗೆ ಹೋಗಿ “ನಾಕು ಟೀ” ಎಂದ. ಅಂಗಡಿಯವರು ಕುಮಟಾದವರು, ನಾಲ್ಕು ಗ್ಲಾಸು ತುಂಬಿಸಿ ಮುಂದಿಟ್ಟರು. ಅವನು ಒಂದು ಕ್ಷಣ ನೋಡಿ, ಒಂದನ್ನು ತಾನು ಹಿಡಿದು, ಮೂರನ್ನು ಅಲ್ಲಿದ್ದವರಿಗೆ ಕೊಟ್ಟ. ಅದರಲ್ಲೊಂದು ನನ್ನ ಪಾಲಿಗೂ ಬಂತು. ತಪ್ಪು ನನ್ನದೇ ಜಾತಿಯದು, ಆದರೆ ಚಹವನ್ನು ಹಂಚಬಹುದಿತ್ತು.

ಆದ್ದರಿಂದ ಪಟ್ಟಿಯನ್ನು ಬಿಡಿ. ನೀವು ಹೋಗುವ ಊರಿನಲ್ಲಿ ಕೊಂಕಣಿ, ಕನ್ನಡ, ಮರಾಠಿಗಳ ಜೊತೆಗೆ ಕೈಗಾದ ಅಣುಸ್ಥಾವರ ಮತ್ತು ಕದಂಬ ನೌಕಾನೆಲೆಯಿಂದಾಗಿ ಹಿಂದಿ, ತೆಲುಗು, ಮಲಯಾಳವೂ ಒಂದೇ ಕೌಂಟರಿನ ಮುಂದೆ ಸಾಲು ನಿಲ್ಲುತ್ತವೆ. ಅಷ್ಟನ್ನೂ ಕಲಿತು ಮುಗಿಸುವುದರೊಳಗೆ ನಿಮಗೆ ಮತ್ತೆ ವರ್ಗವಾಗಿರುತ್ತದೆ. ಎದುರಿಗಿರುವವರು ಈ ಹೊತ್ತು ಯಾವ ಭಾಷೆಯಲ್ಲಿ ಎಣಿಸುತ್ತಿದ್ದಾರೆ ಎಂಬುದೊಂದನ್ನು ಗಮನಿಸಿ. ಬೇಕೋ ಬೇಡವೋ ಎಂಬುದು ಇತ್ಯರ್ಥವಾಗುವ ತನಕ ಎಷ್ಟು ಎಂದು ಕೇಳಬೇಡಿ. ಖಾತ್ರಿ ಮಾಡಿಕೊಳ್ಳುವಾಗ ಅವರ ಪದವನ್ನೇ ಅವರಿಗೆ ಮರಳಿಸಬೇಡಿ. ಬೇರೆ ಪದದಲ್ಲಿ, ಸಾಧ್ಯವಾದರೆ ಪೂರ್ತಿ ವಾಕ್ಯದಲ್ಲಿ ಕೇಳಿ. “ಹಾಗಾದರೆ ನಾಳೆ ಗಾಡಿ ಬರುವುದಿಲ್ಲ, ಸರಿಯೇ?” ಎಂದು ಆ ಸಂಜೆ ಒಂದು ವಾಕ್ಯ ಆಡಿದ್ದರೆ ನನಗೆ ಹತ್ತು ಸೆಕೆಂಡು ಖರ್ಚಾಗುತ್ತಿತ್ತು. ಹೊಸ ಕಚೇರಿಯಲ್ಲಿ ಹೀಗೆ ಎಳೆದೆಳೆದು ಕೇಳಿದರೆ ಜನ ದಡ್ಡನೆಂದುಕೊಳ್ಳುತ್ತಾರೆ ಎಂಬ ಅಳುಕು ನಿಮಗಿರಬಹುದು. ಅಂದುಕೊಳ್ಳಲಿ.

ಆ ತಾಂಡೇಲರು ನನ್ನ ಮೇಲೆ ಸಿಟ್ಟಾಗಲಿಲ್ಲ, ಆದರೆ ಆಗಸ್ಟಿನಲ್ಲಿ ಬೋಟು ಮತ್ತೆ ಕಡಲಿಗಿಳಿದಾಗ ಬಂದ ಮೊದಲ ಫೋನಿನಲ್ಲಿ ಅವರು ಕೊಂಕಣಿಯನ್ನು ಬದಿಗಿಟ್ಟು, ಲಕಾರವನ್ನು ಹಲ್ಲಿನಲ್ಲಿ ಕಚ್ಚಿದಂತೆ ಒತ್ತಿ, “ನಾಲ್ಕು” ಎಂದರು. ನಾನು “ಚಾರ್” ಎಂದೆ. ಈಗಲೂ ನಮ್ಮಿಬ್ಬರ ಲೆಕ್ಕ ಹಾಗೆಯೇ ನಡೆಯುತ್ತದೆ. ಅವರು ಕನ್ನಡದಲ್ಲಿ ಹೇಳುತ್ತಾರೆ, ನಾನು ಕೊಂಕಣಿಯಲ್ಲಿ ಕೇಳುತ್ತೇನೆ.