ಶುಗರ್, ಬಿಪಿ, ಸ್ಟೆಂಟ್ ಇರುವ ಅಪ್ಪ ಮಂಕಾಗಿದ್ದಾರೆ. ಇದು ಕಾಯಿಲೆಯ ಸುಸ್ತೋ, ಖಿನ್ನತೆಯೋ?

ನೀವು ಬರೆದಿರುವುದು ಇಷ್ಟು: ಅಪ್ಪನಿಗೆ 58 ವರ್ಷ. 11 ವರ್ಷದಿಂದ ಶುಗರ್, ಅದರ ಹಿಂದೆಯೇ ಬಿಪಿ, ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್. ನಾಲ್ಕೈದು ತಿಂಗಳಿಂದ ಪೇಪರ್ ಮುಟ್ಟುತ್ತಿಲ್ಲ, ಬೆಳಗಿನ ಜಾವ ಮೂರೂವರೆಗೇ ಎದ್ದು ಕೂರುತ್ತಾರೆ, ಏನು ಕೇಳಿದರೂ 'ಸುಸ್ತು' ಅನ್ನುತ್ತಾರೆ. ಡಾಕ್ಟರು 'ಶುಗರ್ ಇದ್ದವರಿಗೆ ಇದೆಲ್ಲ ಇದ್ದದ್ದೇ' ಅಂದರಂತೆ.

ಆ ಮಾತಿನಿಂದಲೇ ಶುರು ಮಾಡುತ್ತೇನೆ. ಇದ್ದದ್ದೇ ಅನ್ನುವುದು ಅರ್ಧ ನಿಜ. ಶುಗರ್ ಇಲ್ಲದವರಿಗಿಂತ ಇರುವವರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು. ಹಾರ್ಟ್ ಅಟ್ಯಾಕ್ ಆದವರಲ್ಲಿ ಐವರಲ್ಲಿ ಒಬ್ಬರಿಗೆ, ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಆದರೆ ಸಾಮಾನ್ಯವಾಗಿ ಬರುವಂಥದ್ದು ಅಂದ ಮಾತ್ರಕ್ಕೆ ಹಾಗೇ ಬಿಡುವಂಥದ್ದಲ್ಲ. ಶುಗರಿನವರಿಗೆ ಕಾಲಿನ ಹುಣ್ಣೂ ಸಾಮಾನ್ಯವೇ, ಅದನ್ನು ಯಾರೂ 'ಇದ್ದದ್ದೇ' ಅಂತ ಬಿಡುವುದಿಲ್ಲವಲ್ಲ. ಖಿನ್ನತೆಯನ್ನು ಹಾಗೇ ಬಿಟ್ಟರೆ ಹೃದಯಕ್ಕೂ ಕೆಟ್ಟದ್ದು. ಅಟ್ಯಾಕ್ ನಂತರದ ಖಿನ್ನತೆಯನ್ನು ಮುಂದಿನ ಅಪಾಯ ಹೆಚ್ಚಿಸುವ ಅಂಶಗಳ ಸಾಲಿಗೆ ಸೇರಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ.

ಕಾಯಿಲೆಯ ಸುಸ್ತನ್ನೂ ಖಿನ್ನತೆಯನ್ನೂ ಬೇರೆ ಮಾಡಿ ನೋಡಲು ಪಿಎಚ್‌ಕ್ಯು-9 ಅನ್ನುವ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ಕನ್ನಡದಲ್ಲೂ ಸಿಗುತ್ತದೆ, ದುಡ್ಡಿಲ್ಲ. ಕಳೆದ ಎರಡು ವಾರದಲ್ಲಿ ಆ ತೊಂದರೆ ಇರಲೇ ಇಲ್ಲ ಅಂದರೆ 0, ಕೆಲವು ದಿನ ಇತ್ತು ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾ ಅಂದರೆ 3. ಒಟ್ಟು 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಕೂತು ಮಾತಾಡಲೇಬೇಕು, 15 ಅಥವಾ ಹೆಚ್ಚು ಬಂದರೆ ತಡ ಮಾಡಬಾರದು.

ಬರೀ ಒಟ್ಟು ಅಂಕ ನೋಡಿ ಮೋಸಹೋಗಬೇಡಿ. ನಿದ್ದೆ, ಸುಸ್ತು, ಊಟ ಈ ಮೂರು ಪ್ರಶ್ನೆಗಳಿಗೆ ಬರೀ ಶುಗರ್ ಹೆಚ್ಚಿರುವವರೂ 3, 3, 2 ಹಾಕಿ 8ಕ್ಕೆ ಬಂದು ನಿಲ್ಲಬಹುದು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ಎರಡು ಪ್ರಶ್ನೆಗಳನ್ನು ಬೇರೆಯಾಗಿ ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿ ಮುಂದೇನೂ ಇಲ್ಲ ಅನಿಸುವುದು. ಇವೆರಡೇ ಸೇರಿ 3 ಅಥವಾ ಹೆಚ್ಚು ಬಂದರೆ ಖಿನ್ನತೆಯ ಅನುಮಾನ ಗಟ್ಟಿ. 'ನಾನು ಸೋತವನು, ಮನೆಯವರನ್ನು ನಿರಾಸೆಗೊಳಿಸಿದೆ' ಅನ್ನುವ ಆರನೇ ಪ್ರಶ್ನೆಗೂ ಅಂಕ ಬಿದ್ದರೆ ಅದನ್ನು ಶುಗರ್ ತಲೆಗೆ ಕಟ್ಟಲಾಗದು. ಬರೀ ಸುಸ್ತಾದ ಮನುಷ್ಯ ಮೊಮ್ಮಗು ಮಡಿಲಿಗೆ ಬಂದರೆ ಕೂತಲ್ಲೇ ನಗುತ್ತಾನೆ. ಖಿನ್ನತೆಯಲ್ಲಿ ಆ ನಗುವೂ ಬರುವುದಿಲ್ಲ. ಹೊತ್ತಿಗೆ ಮುಂಚೆ ಎಚ್ಚರವಾಗಿ, ಬೆಳಿಗ್ಗೆ ಮನಸ್ಸು ತೀರಾ ಭಾರ, ಸಂಜೆ ಹೊತ್ತಿಗೆ ಕೊಂಚ ಹಗುರ ಅನ್ನುವುದೂ ಅದರದೇ ಚಹರೆ. ಇನ್ನೊಂದು ಮಾತು: ನಮ್ಮ ಕಡೆ ಹಿರಿಯರು 'ದುಃಖ' ಅನ್ನುವ ಪದವನ್ನೇ ಬಳಸುವುದಿಲ್ಲ. ತಲೆ ಭಾರ, ಎದೆ ಹಿಡಿದಂಗಾಗುತ್ತೆ, ನಿಶ್ಶಕ್ತಿ, ಹೊಟ್ಟೆ ಸರಿಯಿಲ್ಲ ಅನ್ನುತ್ತಾರೆ. ಹಾಗಾಗಿ 'ಬೇಜಾರಾ?' ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ ಬರುತ್ತದೆ. 'ಮೊದಲು ಖುಷಿಯಿಂದ ಮಾಡ್ತಿದ್ದ ಯಾವ ಕೆಲಸ ಈಗ ಬೇಡ ಅನಿಸುತ್ತೆ?' ಅಂತ ಕೇಳಿ ನೋಡಿ.

ಇನ್ನು ಕಾರಣಗಳು. ಒಂದೇ ಕಾರಣ ಹುಡುಕಬೇಡಿ. ಇವು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ, ಕಾಯಿಲೆಗಳ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮೊದಲು ನೋಡಬೇಕಾದ್ದು ಮಾತ್ರೆಯ ಡಬ್ಬಿ. ಎಲ್ಲ ಸ್ಟ್ರಿಪ್‌ಗಳನ್ನೂ ಟೇಬಲ್ ಮೇಲೆ ಸುರಿದು, ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರುವ ಔಷಧದ ಹೆಸರು ಓದಿ.

ಮೆಟ್‌ಫಾರ್ಮಿನ್ (ಶುಗರ್ ಮಾತ್ರೆ): ವರ್ಷಗಟ್ಟಲೆ ತಿಂದವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ವಿಟಮಿನ್ ಇಳಿಯಬಹುದು. ಸುಸ್ತು, ಮರೆವು, ಮಂಕುತನ, ಕಾಲು ಜೋಮು ಎಲ್ಲ ಇದರಿಂದಲೂ ಬರುತ್ತವೆ. ಜೋಮನ್ನು 'ಶುಗರಿನ ನರದ ತೊಂದರೆ' ಅಂತ ಬರೆದು ಮುಂದೆ ಹೋಗಿಬಿಡುತ್ತಾರೆ. ರಕ್ತದಲ್ಲಿ ಬಿ12 200 ಪಿಕೋಗ್ರಾಂ/ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊರತೆಯೇ. ಬಿ-ಕಾಂಪ್ಲೆಕ್ಸ್ ಮಾತ್ರೆ ಆಗಲೇ ಶುರುವಾಗಿದ್ದರೆ ರಿಪೋರ್ಟ್ ಸರಿ ಇದ್ದಂತೆ ತೋರುತ್ತದೆ. ಆದ್ದರಿಂದ ಮಾತ್ರೆಗೆ ಮುಂಚೆಯೇ ರಕ್ತ ಕೊಡಿ.

ತಲೆಸುತ್ತಿನ ಮಾತ್ರೆ: ಸಿನ್ನಾರಿಜಿನ್, ಮೈಗ್ರೇನಿಗೆ ಕೊಡುವ ಫ್ಲೂನಾರಿಜಿನ್. ಒಂದೆರಡು ವಾರಕ್ಕೆಂದು ಬರೆದುಕೊಟ್ಟದ್ದನ್ನು ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವವರು ಬೇಕಾದಷ್ಟು ಜನ. ಇವೆರಡೂ ಖಿನ್ನತೆಯನ್ನೂ ಪಾರ್ಕಿನ್ಸನ್‌ನಂಥ ನಿಧಾನಗತಿಯನ್ನೂ ತರಬಲ್ಲವು: ಮುಖದಲ್ಲಿ ಭಾವ ಇಲ್ಲ, ನಡಿಗೆ ನಿಧಾನ, ಕೈ ಸಣ್ಣಗೆ ನಡುಗುತ್ತದೆ. ನಿಲ್ಲಿಸಿದರೆ ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಡಬ್ಬಿಯಲ್ಲಿ ಅತಿ ಹೆಚ್ಚು ಜನರ ಕಣ್ಣು ತಪ್ಪಿಸುವುದು ಇದೇ.

ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ರಾತ್ರಿ ಶುಗರ್ ಇಳಿಯುತ್ತಿರಬಹುದು. ಬೆವರಿ, ನಡುಗಿ, ಎದೆ ಹೊಡೆದುಕೊಂಡು ಎಚ್ಚರವಾಗುವುದನ್ನು ಆತಂಕ ಅಂದುಕೊಳ್ಳುತ್ತಾರೆ. ಮೂರೂವರೆಗೆ ಎದ್ದಾಗ ಎರಡು ಮೂರು ದಿನ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಾರನೇ ದಿನವೇ ಡಾಕ್ಟರಿಗೆ ತಿಳಿಸಿ, ಡೋಸ್ ಬದಲಾಗಬೇಕು.

ಸ್ಟೆಂಟ್ ಆದವರು ತಿನ್ನುವ ಮೆಟೊಪ್ರೊಲಾಲ್‌ನಂಥ ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್‌ಗಳ ಮೇಲೆ ಖಿನ್ನತೆಯ ಅಪವಾದ ಹಳೆಯದು. ಆದರೆ ಪುರಾವೆ ಗಟ್ಟಿಯಿಲ್ಲ. ಸುಸ್ತು ತರುವುದು ನಿಜ. ಇದನ್ನಂತೂ ನೀವಾಗಿಯೇ ನಿಲ್ಲಿಸಬೇಡಿ, ಹಠಾತ್ತಾಗಿ ಬಿಟ್ಟರೆ ಹೃದಯಕ್ಕೇ ಅಪಾಯ. ಅಸ್ತಮಾಕ್ಕೋ ಕೀಲುನೋವಿಗೋ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ, ಫಿಟ್ಸಿಗೆ ಲೆವೆಟಿರಾಸಿಟಮ್ ಇದ್ದರೆ ಅದನ್ನೂ ಹೇಳಿ. ಎರಡೂ ಮನಸ್ಸನ್ನು ಏರುಪೇರು ಮಾಡುತ್ತವೆ.

ರಕ್ತಪರೀಕ್ಷೆಗೆ ಹೋದಾಗ ಒಂದೇ ಸಲ ಇವಿಷ್ಟು ಮಾಡಿಸಿ: ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಟಿಎಸ್‌ಎಚ್ (ಥೈರಾಯ್ಡ್), ಬಿ12, ಕ್ರಿಯೇಟಿನಿನ್ (ಕಿಡ್ನಿ), ಸೋಡಿಯಂ. ಥೈರಾಯ್ಡ್ ವಿಷಯದಲ್ಲಿ ಒಂದು ಎಚ್ಚರ. ಟಿಎಸ್‌ಎಚ್ 10 ದಾಟಿದ್ದರೆ ಚಿಕಿತ್ಸೆ ಬೇಕು, ಸರಿ. 6 ಇದೆ ಅಂತ ಥೈರಾಕ್ಸಿನ್ ಶುರು ಮಾಡಿ 'ಕಾರಣ ಸಿಕ್ಕಿತು' ಅಂತ ಕೂತರೆ ಆರು ತಿಂಗಳು ದಂಡ. ಅಷ್ಟು ಸಣ್ಣ ಏರಿಕೆ ಇಷ್ಟೊಂದು ಮಂಕುತನಕ್ಕೆ ಸಾಮಾನ್ಯವಾಗಿ ಕಾರಣವಾಗುವುದಿಲ್ಲ.

ಜೋರಾಗಿ ಗೊರಕೆ ಹೊಡೆಯುತ್ತಾರಾ, ನಡುವೆ ಉಸಿರು ನಿಂತಂತಾಗಿ ಮತ್ತೆ ಗಕ್ಕನೆ ಎಳೆದುಕೊಳ್ಳುತ್ತಾರಾ, ಹಗಲು ಟಿವಿ ಮುಂದೆ ಕೂತಲ್ಲೇ ತೂಕಡಿಸುತ್ತಾರಾ? ಬಿಪಿಗೆ ಮೂರು ಮಾತ್ರೆ ಹಾಕಿದರೂ ಇಳಿಯುತ್ತಿಲ್ಲವಾ? ಹಾಗಿದ್ದರೆ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ. ಇದಕ್ಕೆ ನಿದ್ದೆ ಮಾತ್ರೆ ಕೊಟ್ಟರೆ ಉಸಿರಾಟ ಇನ್ನೂ ಹದಗೆಡಬಹುದು.

ಕುಡಿತ ಇದ್ದರೆ ಲೆಕ್ಕ ಮುಚ್ಚಿಡಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಮೂರ್ನಾಲ್ಕು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು. ಅದನ್ನು ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು. ಸಿಗರೇಟು, ಬೀಡಿ ಬಿಟ್ಟವರಿಗೆ ಮೊದಲ ಎರಡು ನಾಲ್ಕು ವಾರ ಮನಸ್ಸು ಕೆಡುತ್ತದೆ, ಆಮೇಲೆ ಸೇದುತ್ತಿದ್ದಾಗಿಗಿಂತ ಹಗುರವಾಗುತ್ತದೆ. 'ಬಿಟ್ಟ ಮೇಲೆ ಬೇಜಾರು ಶುರುವಾಯ್ತು' ಅಂತ ಮತ್ತೆ ಹಚ್ಚುವುದು ಈ ಮೊದಲ ತಿಂಗಳಲ್ಲೇ.

ಲ್ಯಾಬಿನಲ್ಲಿ ಸಿಗದ ಕಾರಣಗಳೂ ಇವೆ, ತೂಕದಲ್ಲಿ ಇವು ಕಡಿಮೆಯವಲ್ಲ. ಕಾಯಿಲೆ ಆ ಮನುಷ್ಯನಿಂದ ಏನೇನು ಕಿತ್ತುಕೊಂಡಿತು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಸ್ಟೆಂಟ್ ಆದ ಮೇಲೆ ಸ್ಕೂಟರ್ ಕೀ ಮಗನ ಕೈಗೆ ಹೋಯಿತು. ಮಾರ್ಕೆಟ್ಟಿನ ಚೀಲವೂ ಹೋಯಿತು. ತಟ್ಟೆಯಲ್ಲಿ ಮುದ್ದೆ ಚಿಕ್ಕದಾಯಿತು, ಹಬ್ಬದ ಹೋಳಿಗೆ ಮುಟ್ಟಿದರೆ ಮನೆಯವರೆಲ್ಲ ಒಟ್ಟಿಗೆ 'ಬೇಡ' ಅನ್ನುತ್ತಾರೆ. ಪ್ರೀತಿಯಿಂದಲೇ ಮಾಡಿದ್ದು, ನಿಜ. ಆದರೆ ಆ ಮನುಷ್ಯ ಆ ಮನೆಯಲ್ಲಿ ರೋಗಿ ಬಿಟ್ಟರೆ ಬೇರೇನೂ ಆಗಿ ಉಳಿದಿರುವುದಿಲ್ಲ. ಇದರ ಜೊತೆಗೆ ರಾತ್ರಿಯ ಪಾದದ ಉರಿ, ಔಷಧಿಯ ತಿಂಗಳ ಖರ್ಚು, ಆಸ್ಪತ್ರೆಗೆ ಮಾಡಿದ ಸಾಲ. ಗಂಡಸರಲ್ಲಿ ಶುಗರ್‌ನಿಂದ ಲೈಂಗಿಕ ಶಕ್ತಿ ಕುಗ್ಗುವುದು ಬಹಳ ಸಾಮಾನ್ಯ, ಆದರೆ ಮಕ್ಕಳ ಮುಂದೆ ಅದು ಬಾಯಿಗೆ ಬರುವುದಿಲ್ಲ. ಆದ್ದರಿಂದ ಡಾಕ್ಟರ ಹತ್ತಿರ ಹತ್ತು ನಿಮಿಷ ಅವರೊಬ್ಬರನ್ನೇ ಬಿಡಿ. (ಹೆಂಗಸರಲ್ಲಿ ಲೆಕ್ಕ ಬೇರೆ: ತನಗೇ ಶುಗರ್ ಇದ್ದರೂ ಇನ್ನೊಬ್ಬರ ಪಥ್ಯ, ಔಷಧಿ ನೋಡಿಕೊಳ್ಳುವವಳು ಅವಳೇ.)

ಕೆಲವರಿಗೆ ಇರುವುದು ಖಿನ್ನತೆಯಲ್ಲ, ಶುಗರಿನ ರೇಜಿಗೆ. ಚುಚ್ಚಿ ನೋಡು, ಬರೆದಿಡು, ಅದು ತಿನ್ನಬೇಡ ಅನ್ನುವುದರಿಂದ ರೋಸಿಹೋಗಿರುತ್ತಾರೆ. ಶುಗರಿನ ಮಾತು ಬಿಟ್ಟರೆ ಉಳಿದದ್ದರಲ್ಲಿ ಲವಲವಿಕೆ ಇರುತ್ತದೆ. ಅವರಿಗೆ ಖಿನ್ನತೆಯ ಮಾತ್ರೆ ಬೇಕಿಲ್ಲ, ಪಥ್ಯವನ್ನೂ ಇಂಜೆಕ್ಷನ್‌ಗಳ ಸಂಖ್ಯೆಯನ್ನೂ ಸರಳ ಮಾಡಿಕೊಡುವ ಡಾಕ್ಟರ್ ಬೇಕು.

ಯಾರಿಗೆ ತೋರಿಸುವುದು? ಶುಗರ್ ನೋಡುವ ಡಾಕ್ಟರಿಗೇ ಮೊದಲು ಆ ಒಂಬತ್ತು ಪ್ರಶ್ನೆಯ ಹಾಳೆ ಕೊಡಿ. ಅಂಕ ಎದುರಿಗಿದ್ದರೆ 'ಇದ್ದದ್ದೇ' ಅನ್ನುವುದು ಕಷ್ಟ. ಮನೋವೈದ್ಯರು ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹುಟ್ಟಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್ ಮೂಲಕ. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತ ಮೊದಲೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಅಂದರೆ ಅಪ್ಪ ಸಿಡುಕಿದರೆ 'ನಿದ್ದೆಗೆ ತೋರಿಸೋಣ' ಅನ್ನಿ. ಅದು ಸುಳ್ಳೂ ಅಲ್ಲ.

ಔಷಧ ಬೇಕಾದರೆ ಹೃದಯದವರಿಗೆ ಸಾಮಾನ್ಯವಾಗಿ ಆರಿಸುವುದು ಸರ್ಟ್ರಲೀನ್, 25 ಅಥವಾ 50 ಮಿ.ಗ್ರಾಂನಿಂದ. ಅಟ್ಯಾಕ್ ಆದವರಿಗೆ ಅಮಿಟ್ರಿಪ್ಟಿಲೀನ್ ತಪ್ಪಿಸುತ್ತಾರೆ. ಮಿರ್ಟಜಪೀನ್ ಹಸಿವು, ತೂಕ ಎರಡನ್ನೂ ಏರಿಸುತ್ತದೆ. ಪಾದದ ಉರಿಯೂ ಇದ್ದರೆ ಎರಡಕ್ಕೂ ಸೇರಿ ಡುಲೊಕ್ಸೆಟೀನ್ ಕೊಡುವುದುಂಟು, ಆಗ ಬಿಪಿ, ಕಿಡ್ನಿ ನೋಡಿಕೊಳ್ಳಬೇಕು. ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಂ, ಕ್ಲೋನಜಿಪಾಂ ಖಿನ್ನತೆಗೆ ಮದ್ದಲ್ಲ. ಮೊದಲ ಒಂದೆರಡು ವಾರಕ್ಕೆ ಕೊಟ್ಟರೆ ಕೊಡಲಿ, ಆಮೇಲೆ ಅಭ್ಯಾಸವಾಗಿಬಿಡುತ್ತದೆ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಅತಿ ಮಾತು, ಅತಿ ಖರ್ಚು ಇದ್ದಿದ್ದರೆ ಮಾತ್ರೆಗೆ ಮುಂಚೆ ಹೇಳಲೇಬೇಕು.

ಎರಡು ಕಡೆ ಎಡವುತ್ತಾರೆ. ಒಂದು ರಕ್ತಸ್ರಾವ: ಸರ್ಟ್ರಲೀನ್ ಜಾತಿಯ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಏರುತ್ತದೆ. ಮಲ ಕಪ್ಪಗೆ ಟಾರಿನಂತೆ ಕಂಡರೆ ಅವತ್ತೇ ಆಸ್ಪತ್ರೆ. ಎರಡು ಸೋಡಿಯಂ: ಬಿಪಿ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್ ಅನ್ನುವ, ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತದೆ. ಅದೂ ಸರ್ಟ್ರಲೀನೂ ಕೂಡಿದರೆ ಸೋಡಿಯಂ ಇಳಿದು ಮಂಪರು, ಗೊಂದಲ ಬರಬಹುದು. ಮನೆಯವರು 'ಖಿನ್ನತೆ ಜಾಸ್ತಿಯಾಯ್ತು' ಅಂದುಕೊಳ್ಳುತ್ತಾರೆ. ಶುರು ಮಾಡಿ ಎರಡು ವಾರದೊಳಗೆ ಒಮ್ಮೆ ಸೋಡಿಯಂ ನೋಡಿಸಿ.

ಮಾತ್ರೆ ಇರಲಿ ಬಿಡಲಿ, ಕಿತ್ತುಕೊಂಡದ್ದರಲ್ಲಿ ಒಂದನ್ನಾದರೂ ವಾಪಸ್ ಕೊಡಿ. 'ಮನಸ್ಸು ಬಂದಾಗ ಮಾಡ್ತೀನಿ' ಅನ್ನುವುದಕ್ಕೆ ಕಾದರೆ ಆಗುವುದಿಲ್ಲ, ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಆಮೇಲೆ. ಬೆಳಿಗ್ಗೆ ಏಳಕ್ಕೆ ಹಾಲು ತರುವುದು, ಹತ್ತು ನಿಮಿಷದ ನಡಿಗೆ, ಅಷ್ಟೇ. ಹೃದಯದ ಡಾಕ್ಟರು ಒಪ್ಪಿದರೆ ವಾರಕ್ಕೆ ಐದು ನಿಮಿಷದಂತೆ ಏರಿಸಿ 30 ನಿಮಿಷಕ್ಕೆ ನಿಲ್ಲಿಸಿ. ಮೊದಲ ದಿನವೇ ಒಂದು ಗಂಟೆ ನಡೆಸಿದರೆ ಎರಡನೇ ದಿನ ಏಳುವುದಿಲ್ಲ. ಶುಗರನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿದರೆ ಫಲ ಇದೆ. ಬೆಂಗಳೂರೂ ಸೇರಿ ನಾಲ್ಕು ಊರುಗಳ ಮಧುಮೇಹ ಕ್ಲಿನಿಕ್‌ಗಳ 404 ರೋಗಿಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಶುಗರ್, ಬಿಪಿ, ಕೊಲೆಸ್ಟರಾಲ್‌ನಲ್ಲಿ ಒಂದಾದರೂ ಸುಧಾರಿಸಿದವರು ಒಟ್ಟಿಗೆ ನೋಡಿದ ಗುಂಪಿನಲ್ಲಿ 71.6%, ಮಾಮೂಲಿ ಚಿಕಿತ್ಸೆಯಲ್ಲಿ 57.4%.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ 1 ಬಂದರೂ ಸುಮ್ಮನಿರಬೇಡಿ. ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. 'ಇನ್ಯಾಕೆ ಮಾತ್ರೆ' ಅಂತ ಔಷಧಿ ಬಿಡುವುದೂ ಅದೇ ಮಾತಿನ ಇನ್ನೊಂದು ರೂಪ ಆಗಿರಬಹುದು. ಇನ್ಸುಲಿನ್, ಮಾತ್ರೆ ನಿಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟು ದಿನದ್ದು ಮಾತ್ರ ಕೊಡಿ, ಹೊಲದ ಔಷಧಿ ಡಬ್ಬ ಮನೆಯಿಂದಲೇ ಆಚೆ ಸಾಗಿಸಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಈ ವಾರದಲ್ಲೇ. ಚಡಪಡಿಕೆ ತೀರಾ ಹೆಚ್ಚಿದರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಆರನೇ ವಾರ ಅದೇ ಹಾಳೆ ಮತ್ತೆ ತುಂಬಿ. 18 ಇದ್ದದ್ದು 9ಕ್ಕೆ ಬಂದಿದ್ದರೆ ಸರಿದಾರಿ, 16ರಲ್ಲೇ ನಿಂತಿದ್ದರೆ ಡೋಸ್ ಏರಿಸುವುದೋ ಮದ್ದು ಬದಲಿಸುವುದೋ ಅಂತ ಕೇಳಿ. ಪೂರ್ತಿ ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ವಾರಗಳ ಲೆಕ್ಕದಲ್ಲಿ ಇಳಿಸಿ.