ಬೀಗಿತ್ತಿಯಾಗದ ಗೆಳತಿ

ಭದ್ರಾವತಿಯಿಂದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಸಾರ ಇಷ್ಟು.

ನ್ಯೂಟೌನ್‌ನಲ್ಲಿ ಅಕ್ಕಪಕ್ಕದ ಎರಡು ಕ್ವಾರ್ಟರ್ಸ್. ಎರಡೂ ಮನೆಯ ಯಜಮಾನರು ಕಬ್ಬಿಣದ ಕಾರ್ಖಾನೆಯ ನೌಕರರು. ಇವರಿಗೆ ಒಬ್ಬನೇ ಮಗ, ಪಕ್ಕದ ಮನೆಯ ಗೆಳತಿಗೆ ಒಬ್ಬಳೇ ಮಗಳು. ಮಕ್ಕಳು ಒಂದೇ ತಟ್ಟೆಯಲ್ಲಿ ಉಂಡು ಬೆಳೆದರು. ಈಗ ಹುಡುಗ ಪುಣೆಯಲ್ಲಿದ್ದಾನೆ, ಹುಡುಗಿ ಬೆಂಗಳೂರಿನಲ್ಲಿ. ಗೆಳತಿಯ ಮನೆಯವರು ನಿವೃತ್ತಿಯಾದ ಮೇಲೆ ಶಿವಮೊಗ್ಗಕ್ಕೆ ಹೋದರು. ಹೋದ ವರ್ಷ ಗೆಳತಿ ಬಂದು, ಕಾಫಿ ಕುಡಿಯುತ್ತಾ, "ನಮ್ಮ ಹುಡುಗೀನ ನಿಮ್ಮನೆಗೇ ತಂದ್ಕೊಳ್ಳಿ" ಎಂದು ಕೇಳಿಬಿಟ್ಟರು. ಜಾತಿ ಬೇರೆ, ಆದರೂ ಕೇಳಿದರು. ಮಗ, "ಅವಳು ನಂಗೆ ತಂಗಿ ಥರ, ಹೇಗಮ್ಮಾ?" ಎಂದ. ತಾಯಿ ಅದನ್ನೇ ಫೋನಿನಲ್ಲಿ ತಿಳಿಸಿದರು. ಆಮೇಲೆ ಗೆಳತಿಯ ಫೋನು ನಿಂತುಹೋಯಿತು. ಸ್ವಲ್ಪ ದಿನ ಬಿಟ್ಟು ಹುಡುಗಿಯೇ ಫೋನ್ ಮಾಡಿ, "ಆಂಟಿ, ನಂಗೂ ಅವನು ಅಣ್ಣನೇ. ಅಮ್ಮಂಗೆ ಹೇಳೋಕೆ ಧೈರ್ಯ ಇರ್ಲಿಲ್ಲ. ಅವನು ಹೇಳಿದ್ದು ಒಳ್ಳೇದಾಯ್ತು" ಎಂದಳಂತೆ. ಈಗ ಅವಳಿಗೆ ಬೇರೆ ಕಡೆ ಗೊತ್ತಾಗಿದೆ. ಲಗ್ನಪತ್ರಿಕೆ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

"ಮೂವತ್ತು ವರ್ಷದ ಸ್ನೇಹಕ್ಕೆ ಒಂದು ಪಿಡಿಎಫ್. ಮಗನ ಮುಖ ನೋಡಿದರೆ ಸಿಟ್ಟು ಬರುತ್ತೆ. ನಾನಂತೂ ಒಪ್ಪಿದ್ದೆ. ಮದುವೆಗೆ ಹೋಗಲಾ, ಬೇಡವಾ? ಅವನನ್ನೂ ಕರ್ಕೊಂಡು ಹೋಗಬಹುದಾ?" ಇದು ಅವರ ಪ್ರಶ್ನೆ.

ಪ್ರಿಯ ಓದುಗರೇ,

ಮೊದಲು ಮಗನ ವಿಷಯ ಮುಗಿಸಿಬಿಡೋಣ. ಅವನ ಮೇಲೆ ನೀವು ಸಿಟ್ಟಾಗಲು ನನಗಂತೂ ಕಾರಣ ಕಾಣುವುದಿಲ್ಲ. ಇಬ್ಬರೂ ಹೇಳಬೇಕಾದ ‘ಇಲ್ಲ’ವನ್ನು ಅವನೊಬ್ಬನೇ ಹೇಳಿದ. ಅವಳಿಗೂ ಇಷ್ಟವಿರಲಿಲ್ಲ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಿಮ್ಮ ಪತ್ರದಲ್ಲಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಬೈಗುಳ ತಿನ್ನುತ್ತಿದ್ದರೆ, ಅವನನ್ನು ನೀವು ಚೆನ್ನಾಗಿಯೇ ಬೆಳೆಸಿದ್ದೀರಿ.

ಒಟ್ಟಿಗೆ ಬೆಳೆದವರಿಗೆ ಹಾಗನ್ನಿಸುವುದು ಹೊಸದೇನಲ್ಲ. ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ ವಿದ್ವಾಂಸ 1891ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಚಿಕ್ಕಂದಿನಲ್ಲಿ ಒಂದೇ ಸೂರಿನಡಿ ಆಡಿ ಬೆಳೆದವರಲ್ಲಿ ದೊಡ್ಡವರಾದ ಮೇಲೆ ಗಂಡು-ಹೆಣ್ಣಿನ ಆಕರ್ಷಣೆ ಹುಟ್ಟುವುದು ಕಡಿಮೆ ಎಂದು. ಆಮೇಲೆ ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮೂಹಿಕ ಬೇಸಾಯದ ಊರುಗಳಲ್ಲಿ ಇದು ಎದ್ದು ಕಂಡಿತು. ಅಲ್ಲಿ ಹಲವು ಮನೆಗಳ ಮಕ್ಕಳನ್ನು ಒಟ್ಟಿಗೆ, ಗುಂಪಾಗಿ ಬೆಳೆಸುತ್ತಿದ್ದರು. ಜೋಸೆಫ್ ಶೆಫರ್ ಎಂಬುವರು ಅಲ್ಲಿನವರ 2,700ಕ್ಕೂ ಹೆಚ್ಚು ಮದುವೆಗಳನ್ನು ಪರಿಶೀಲಿಸಿದರು. ಒಂದೇ ಗುಂಪಿನಲ್ಲಿ ಬೆಳೆದವರ ನಡುವೆ ಆದವು ಹದಿನೈದನ್ನೂ ಮುಟ್ಟಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ತೈವಾನಿನಲ್ಲಿ ಹಿಂದೆ ಹೆಣ್ಣು ಕೂಸನ್ನೇ ತಂದು, ಮುಂದೆ ಸೊಸೆಯಾಗಲಿ ಎಂದು ಮಗನ ಜೊತೆ ಸಾಕುವ ಪದ್ಧತಿ ಇತ್ತು. ಆರ್ಥರ್ ವುಲ್ಫ್ ಅಂಥ ಮದುವೆಗಳ ಲೆಕ್ಕ ತೆಗೆದಾಗ ಬೇರೆ ಮದುವೆಗಳಿಗಿಂತ ಅಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಜಾಸ್ತಿ. ಕಾರಣ ಇದೊಂದೇನಾ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಆಡಲಿ ಬಿಡಿ.

ನಮ್ಮಲ್ಲಿ ಸೋದರಮಾವನ ಮಗಳನ್ನು ತರುತ್ತಾರಲ್ಲ ಎಂದು ನೀವು ಕೇಳಬಹುದು. ತರುತ್ತಾರೆ. ಕರ್ನಾಟಕದಲ್ಲಿ ಇವತ್ತಿಗೂ ಸುಮಾರು ನಾಲ್ಕು ಮದುವೆಗೆ ಒಂದು ಸಂಬಂಧದೊಳಗೇ ಆಗುತ್ತದೆ. ಆದರೆ ಸಾಮಾನ್ಯವಾಗಿ ಮಾವನ ಮಗಳು ಬೆಳೆಯುವುದು ಮಾವನ ಮನೆಯಲ್ಲಿ. ಬೇಸಿಗೆ ರಜೆಗೆ ಬರುತ್ತಾಳೆ, ಹಬ್ಬಕ್ಕೆ ಬರುತ್ತಾಳೆ. ಬರುವ ಮುಂಚೆಯೇ ಯಾರೋ ಅತ್ತೆ "ನಿನ್ನ ಹೆಂಡ್ತಿ ಬರ್ತಾಳೆ ನೋಡೋ" ಎಂದು ಚುಡಾಯಿಸಿರುತ್ತಾರೆ. ನಿಮ್ಮ ಮಗನಿಗೆ ಹಾಗೆ ಚುಡಾಯಿಸಿದವರಿಲ್ಲ. ಅವಳ ಹಲ್ಲು ಬಿದ್ದದ್ದು, ತಲೆಯಲ್ಲಿ ಹೇನಾಗಿದ್ದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅತ್ತಿದ್ದು ಎಲ್ಲ ನೋಡಿದವನು ಅವನು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ ಅಣ್ಣ-ತಂಗಿ ಮಾಡಿದವರು ನೀವಿಬ್ಬರೇ ಅಲ್ವಾ?

ಅದಕ್ಕೇ ಹೇಳಿದೆ, ಮಗನ ವಿಷಯ ಸಲೀಸು ಎಂದು. ಕಷ್ಟ ಇರುವುದು ನಿಮ್ಮ ಗೆಳತಿಯದು.

ಅವರು ಸಿಟ್ಟಾಗಿದ್ದಾರೆ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ನಾಚಿಕೆಯಾಗಿದೆ. ನಮ್ಮ ಕಡೆ ಹೆಣ್ಣು ಹೆತ್ತವರು ಯಾವಾಗಲಾದರೂ ನೇರ ಹೋಗಿ ಕೇಳುತ್ತಾರಾ? ನಡುವೆ ಒಬ್ಬ ಸೋದರಮಾವನೋ ಪುರೋಹಿತರೋ ಪರಿಚಯದವರೋ ಇರುತ್ತಾರೆ. ಜಾತಕ ಹೋಗುತ್ತದೆ, ಜಾತಕ ಬರುತ್ತದೆ. ಬೇಡವಾದರೆ "ಜಾತಕ ಕೂಡಿ ಬರಲಿಲ್ಲ" ಎಂದರಾಯಿತು. ಅದು ಸುಳ್ಳು ಎಂದು ಎರಡೂ ಕಡೆಯವರಿಗೆ ಗೊತ್ತು. ಗೊತ್ತಿದ್ದೂ ಮುಂದಿನ ವಾರ ಯಾವುದೋ ಗೃಹಪ್ರವೇಶದಲ್ಲಿ ಪಕ್ಕ ಪಕ್ಕ ಕೂತು ಹೋಳಿಗೆ ತಿನ್ನಬಹುದು. ಆ ಪರದೆಯನ್ನು ನಮ್ಮ ಹಿರಿಯರು ಸುಮ್ನೆ ಕಟ್ಟಿಲ್ಲ. ನಿಮ್ಮ ಗೆಳತಿ ಅದನ್ನು ಪಕ್ಕಕ್ಕೆ ಸರಿಸಿ ಬಂದರು. ನಿಮ್ಮ ಮನೆ, ನಿಮ್ಮ ಅಡುಗೆಮನೆಯ ಮಣೆ, ಇಲ್ಲಿ ಮಧ್ಯಸ್ಥರು ಯಾಕೆ ಎಂದುಕೊಂಡು ಬಂದರು. ನೀವೂ ಹಾಗೇ ಉತ್ತರ ಕೊಟ್ಟಿರಿ. ನಿಜ ಹೇಳಿದಿರಿ, ಅದೂ ಫೋನಿನಲ್ಲಿ. ಜಾತಕದ ಮೇಲೆ ಹಾಕುವ ಹಾಗೂ ಇಲ್ಲ, ಕೇಳಲೇ ಇಲ್ಲ ಎನ್ನುವ ಹಾಗೂ ಇಲ್ಲ.

ಇನ್ನೊಂದು ವಿಷಯವನ್ನು ನೀವು ಪತ್ರದ ಮೂಲೆಯಲ್ಲಿ, ಆವರಣದೊಳಗೆ ಬರೆದಿದ್ದೀರಿ. ಜಾತಿ ಬೇರೆಯಾದ್ದರಿಂದ ಅವರ ಭಾವ ತಕರಾರು ಮಾಡಿದ್ದರು, ಅವರನ್ನು ಒಪ್ಪಿಸಿಕೊಂಡೇ ಗೆಳತಿ ಬಂದಿದ್ದರು ಎಂದು. ಅದು ಮೂಲೆಯಲ್ಲಿರಬೇಕಾದ ಮಾತಲ್ಲ. ಒಬ್ಬ ಹೆಂಗಸು ಗಂಡನ ಮನೆಯ ಹಿರಿಯರ ಜೊತೆ ಜಾತಿಯ ವಿಷಯಕ್ಕೆ ಜಗಳ ಮಾಡಿ, ಗೆದ್ದು, ನಿಮ್ಮ ಬಾಗಿಲಿಗೆ ಬಂದರು. ವಾಪಸ್ ಹೋಗಿ ಆ ಭಾವನಿಗೆ ಏನೆಂದು ಹೇಳಿರಬಹುದು? "ನೋಡಿದ್ಯಾ, ಅವತ್ತೇ ಹೇಳಿರಲಿಲ್ವಾ?" ಎಂಬ ಮಾತನ್ನು ಎಷ್ಟು ಸಲ ಕೇಳಿರಬಹುದು?

ಈಗ ನಿಮಗೆ ಸ್ವಲ್ಪ ಕಹಿಯಾಗುವ ಮಾತು. ಪತ್ರದಲ್ಲಿ "ನಾನಂತೂ ಒಪ್ಪಿದ್ದೆ" ಎಂದು ಮತ್ತೆ ಮತ್ತೆ ಬರೆದಿದ್ದೀರಿ. ನನಗೆ ಯಾಕೆ ಅಷ್ಟು ಸಲ ಹೇಳುತ್ತಿದ್ದೀರಿ? ಕೇಳಬೇಕಾದವರು ಶಿವಮೊಗ್ಗದಲ್ಲಿದ್ದಾರೆ. ನಿಮ್ಮ ಗೆಳತಿಯ ಮನಸ್ಸಿನಲ್ಲಿ ಕೂತಿರುವ ಮುಳ್ಳು ನಿಮ್ಮ ಮಗನಲ್ಲ ಎಂದು ನನ್ನ ಊಹೆ. ‘ಜಾತಿ ನೋಡಿದ್ದು ಇವಳೇ, ಮಗನ ಹೆಸರು ಮುಂದೆ ಮಾಡಿದಳು’ ಎಂಬ ಅನುಮಾನ ಅದು. ಹಾಗೆ ಮಾಡುವ ತಾಯಂದಿರು ಬೇಕಾದಷ್ಟಿದ್ದಾರೆ. "ನಮಗೇನಿಲ್ಲಪ್ಪ, ಹುಡುಗ ಒಪ್ಪುತ್ತಿಲ್ಲ" ಎಂಬುದು ಕೂಡ ಜಾತಕ ಕೂಡಲಿಲ್ಲ ಎನ್ನುವಷ್ಟೇ ಹಳೆಯ ನೆಪ. ನಿಮ್ಮ ವಿಷಯದಲ್ಲಿ ಅದು ನಿಜ, ಆದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಅವರು ಯಾಕೆ ಕೇಳಿದರು ಎಂದೂ ಸ್ವಲ್ಪ ಯೋಚಿಸಿ. ನಿಮ್ಮ ಊರಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗಿನಿಂದ ಎಲ್ಲೆಲ್ಲಿಂದಲೋ ಜನ ಬಂದು ಸೇರಿದರು. ಕನ್ನಡದವರು, ತಮಿಳಿನವರು, ತೆಲುಗಿನವರು. ಕ್ವಾರ್ಟರ್ಸ್ ಕೊಟ್ಟದ್ದು ಗ್ರೇಡ್ ನೋಡಿ, ಜಾತಿ ನೋಡಿ ಅಲ್ಲ. ಹಳ್ಳಿಯಲ್ಲಾಗಿದ್ದರೆ ಬೇರೆ ಬೇರೆ ಕೇರಿಯಲ್ಲಿ ಇರುತ್ತಿದ್ದವರು ಇಲ್ಲಿ ಒಂದೇ ಗೋಡೆಯ ಆಚೆ ಈಚೆ ಬಂದರು. ನಿಮ್ಮಿಬ್ಬರ ಕಥೆಯೂ ಅದೇ. ಅವರ ಮನೆಗೆ ಮೊದಲು ಫೋನ್ ಬಂತು, ನೀವು ಎಲ್ಲರಿಗೂ ಅವರ ನಂಬರನ್ನೇ ‘ಪಿ.ಪಿ.’ ಎಂದು ಬರೆದು ಕೊಡುತ್ತಿದ್ದಿರಿ. ನಿಮ್ಮ ಯಜಮಾನರಿಗೆ ರಾತ್ರಿ ಪಾಳಿ ಇದ್ದಾಗ ಅವರ ಅತ್ತೆ ಬಂದು ನಿಮ್ಮ ಮನೆಯಲ್ಲಿ ಮಲಗುತ್ತಿದ್ದರು. ಭಾನುವಾರ ಬುತ್ತಿ ಕಟ್ಟಿಕೊಂಡು ಲಕ್ಕವಳ್ಳಿ ಡ್ಯಾಮಿಗೆ ಹೋಗುತ್ತಿದ್ದಿರಿ. ಪತ್ರದ ಈ ಪುಟಗಳನ್ನು ಓದುತ್ತಾ ನನಗೆ ಒಂದು ಕಂಡಿತು. ಇದರಲ್ಲಿ ಮುಕ್ಕಾಲು ಪಾಲು ಮಕ್ಕಳ ನೆಪದಲ್ಲೇ ನಡೆದದ್ದು. ಶಾಲೆ, ಟ್ಯೂಷನ್, ಹುಟ್ಟುಹಬ್ಬ, ಪರೀಕ್ಷೆ, ಜ್ವರ. ಇಬ್ಬರು ಹೆಂಗಸರು ದಿನಕ್ಕೆ ನಾಲ್ಕು ಸಲ ಒಬ್ಬರ ಮನೆಗೆ ಒಬ್ಬರು ಹೋಗಲು ಮಕ್ಕಳು ಕಾರಣ ಕೊಡುತ್ತಿದ್ದರು. ಯಾರೂ "ಮತ್ತೆ ಹೋದ್ಯಾ?" ಎನ್ನುವ ಹಾಗಿರಲಿಲ್ಲ.

ಆಮೇಲೆ ಮಕ್ಕಳು ಹೋದರು. ಕಾಗದದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯ ಒಡೆತನದ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಮಂಡಳಿ ಅದನ್ನೂ ಮುಚ್ಚುವುದಾಗಿ ಹೇಳಿತು, ಕಾರ್ಮಿಕರು ಬೀದಿಗಿಳಿದರು, ಅದರ ಹಗ್ಗಜಗ್ಗಾಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಸಾಲಿನ ಮನೆಗಳು ಒಂದೊಂದೇ ಖಾಲಿಯಾದವು. ಶಿವಮೊಗ್ಗಕ್ಕೂ ಭದ್ರಾವತಿಗೂ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಆದರೂ ಅರವತ್ತು ದಾಟಿದ ಹೆಂಗಸು "ಗೆಳತಿಯನ್ನು ನೋಡಿ ಬರ್ತೀನಿ" ಎಂದು ಸುಮ್ಮನೆ ಹೊರಡುವುದು ನಮ್ಮ ಮನೆಗಳಲ್ಲಿ ಇನ್ನೂ ಸಲೀಸಾಗಿಲ್ಲ. ಗಂಡಸರಿಗೆ ಕಟ್ಟೆ ಇದೆ, ಕ್ಲಬ್ ಇದೆ, ವಾಕಿಂಗ್ ಇದೆ. ಹೆಂಗಸರಿಗೆ ಹೋಗಿ ಬರಲು ಒಂದು ಸಂಬಂಧದ ಹೆಸರು ಬೇಕು. ತಂಗಿಯ ಮನೆ, ನಾದಿನಿಯ ಮನೆ, ಬೀಗರ ಮನೆ. ನಿಮ್ಮ ಗೆಳತಿ ಮಗಳಿಗೆ ಗಂಡು ಹುಡುಕುತ್ತಿದ್ದರು, ನಿಜ. ಅದರ ಜೊತೆಗೆ ನಿಮ್ಮ ಮನೆಗೆ ಬಂದು ಹೋಗಲು ಒಂದು ಹಕ್ಕನ್ನೂ ಹುಡುಕುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಬೀಗಿತ್ತಿ ಆಗಿದ್ದರೆ ಚೆನ್ನಾಗಿರುತ್ತಿತ್ತಾ? ನನಗೆ ಅನುಮಾನ. ಬೀಗತನದಲ್ಲಿ ಎಲ್ಲದಕ್ಕೂ ಲೆಕ್ಕ. ಯಾರ ಸೀರೆಗೆ ಎಷ್ಟು ಅಂಚು, ಮುಯ್ಯಿ ಎಷ್ಟು ಬಂತು, ಊಟಕ್ಕೆ ಯಾರನ್ನು ಮೊದಲು ಎಬ್ಬಿಸಿದರು. ಇವತ್ತು "ಏನೇ, ಉಪ್ಪು ಹಾಕೋದೇ ಮರೆತ್ಯಾ?" ಎಂದು ಬೈಯುವ ಗೆಳತಿ ನಾಳೆ ಅದೇ ಸಾರು ಉಂಡು "ತುಂಬಾ ಚೆನ್ನಾಗಿದೆ" ಎನ್ನಬೇಕಾಗುತ್ತಿತ್ತು. ಮಕ್ಕಳು ಗಂಡ-ಹೆಂಡತಿ ಜಗಳ ಆಡಿದ ದಿನ ನೀವಿಬ್ಬರೂ ಎದುರು ಬದುರು ಪಕ್ಷ. ಯಾರ ಹತ್ತಿರ ಹೋಗಿ ಅಳುತ್ತಿದ್ದಿರಿ?

ಹೋಗಲಿ. ಈಗ ಮಾಡಬೇಕಾದ್ದು ಹೇಳುತ್ತೇನೆ.

ಹುಡುಗಿ ಫೋನಿನಲ್ಲಿ ಹೇಳಿದ್ದು ನಿಮ್ಮ ಹೊಟ್ಟೆಯಲ್ಲೇ ಇರಲಿ. "ನಿನ್ನ ಮಗಳಿಗೂ ಬೇಡವಾಗಿತ್ತು ಕಣೇ" ಎಂದುಬಿಟ್ಟರೆ ಮಗ ಬಚಾವಾಗುತ್ತಾನೆ, ನಾಲಿಗೆ ತುದಿಗೆ ಬಂದೇ ಬರುತ್ತದೆ. ಆದರೆ ಮದುವೆ ಹತ್ತಿರ ಬಂದಿರುವ ಮನೆಯಲ್ಲಿ ತಾಯಿಗೂ ಮಗಳಿಗೂ ಜಗಳ ಹಚ್ಚಿದ ಹಾಗಾಗುತ್ತದೆ. ಅವಳು ನಿಮ್ಮನ್ನು ನಂಬಿ ಹೇಳಿದ್ದಾಳೆ. ಯಾವತ್ತಾದರೂ ಅವಳೇ ಹೇಳಿಕೊಳ್ಳುತ್ತಾಳೆ, ಬಹುಶಃ ಎರಡು ಮಕ್ಕಳಾದ ಮೇಲೆ, ನಗುತ್ತಾ.

ಪಿಡಿಎಫ್ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎನ್ನುವುದಿಲ್ಲ. ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೆಯಬೇಕಾದ ಮೊದಲ ಐದು ಮನೆಗಳಲ್ಲಿ ನಿಮ್ಮದೊಂದು. ಬರಲಿಲ್ಲ, ನೋವಾಗುತ್ತದೆ. ಆದರೆ ಬಂದರೆ ಅವರು ಕೂರಬೇಕಾದದ್ದು ಹೋದ ವರ್ಷ ಆ ಮಾತು ಕೇಳಿದ ಅದೇ ಕುರ್ಚಿಯ ಮೇಲೆ. ಅದಕ್ಕೆ ಅವರ ಕಾಲು ಬರಲಿಲ್ಲ. ಕಳಿಸದೇ ಇರಲು ಮನಸ್ಸೂ ಒಪ್ಪಲಿಲ್ಲ.

ಆದ್ದರಿಂದ ನೀವೇ ಕರೆಯಿರಿ. ಮದುವೆಗೆ ಮುಂಚೆ ಆಪ್ತರು ಮದುಮಗಳನ್ನು ಊಟಕ್ಕೆ ಕರೆದು, ಸೀರೆ ಕೊಟ್ಟು, ಮಡಿಲು ತುಂಬಿ ಕಳಿಸುವುದು ನಮ್ಮಲ್ಲಿ ಇದ್ದೇ ಇದೆ. ಈ ಕರೆ ಹುಡುಗಿಯ ಮೊಬೈಲಿಗೆ ಹೋಗಬಾರದು, ತಾಯಿಗೇ ಹೋಗಬೇಕು. "ಹುಡುಗಿ ಊರಿಗೆ ಯಾವತ್ತು ಬರ್ತಾಳೆ? ಊಟಕ್ಕೆ ಕರ್ಕೊಂಡು ಬಾ" ಎನ್ನಿ. ಅಷ್ಟೇ. ಹಳೆಯದು ಕೆದಕುವುದು ಬೇಡ, ಕ್ಷಮಿಸು ಎನ್ನುವುದೂ ಬೇಡ. ಮಡಿಲು ತುಂಬಲು ಕರೆದಾಗ ಇಲ್ಲ ಎನ್ನುವ ತಾಯಿಯನ್ನು ನಾನು ಇನ್ನೂ ನೋಡಿಲ್ಲ. ಮಾಮೂಲಿ ಪಾಯಸದ ಜೊತೆ ಆ ಹುಡುಗಿಗೆ ಚಿಕ್ಕಂದಿನಿಂದ ಇಷ್ಟವಾದದ್ದು ಒಂದು ಇರಲಿ. ಏನು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಊಟ ಆದ ಮೇಲೆ, ಹುಡುಗಿ ಕೈ ತೊಳೆಯಲು ಹೋದಾಗ, ಗೆಳತಿಗೆ ಒಂದು ಮಾತು ಹೇಳಿ. "ನಿನ್ನ ಭಾವನಿಗೆ ನೀನು ಎದುರು ಮಾತಾಡಿದ್ದು ನಂಗೆ ಗೊತ್ತು. ನಾನು ಒಪ್ಪಿದ್ದೆ. ಜಾತಿಯ ಯೋಚನೆ ನನಗೆ ಬರಲೇ ಇಲ್ಲ." ನಿಜವಾಗಿ ಬಂದಿರದಿದ್ದರೆ ಮಾತ್ರ ಆ ಕೊನೆಯ ಮಾತು. ಸ್ವಲ್ಪವಾದರೂ ಬಂದಿದ್ದರೆ ಅದನ್ನು ಬಿಟ್ಟು ಮೊದಲ ಎರಡನ್ನು ಹೇಳಿ. ಅವರು ನಿಮ್ಮನ್ನು ಮೂವತ್ತು ವರ್ಷ ನೋಡಿದ್ದಾರೆ, ಹೆಚ್ಚು ಹೇಳಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ಅವರು ಅಳಬಹುದು, ಬೈಯಬಹುದು, ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಳ್ಳಬಹುದು. ಮೂರರಲ್ಲಿ ಯಾವುದಾದರೂ ಮದುವೆಗೆ ಹೋಗಿ. ಹಿಂದಿನ ದಿನವೇ ಹೋಗಿ. ಛತ್ರದಲ್ಲಿ ಮುಂದಿನ ಸಾಲಿನಲ್ಲಿ ಕೂತು ಉಡುಗೊರೆ ಕೊಟ್ಟು ಬರುವ ಅತಿಥಿ ನೀವಲ್ಲ. ಉಗ್ರಾಣದ ಬೀಗದ ಕೈ ಇಸಿದುಕೊಳ್ಳಿ.

ಇನ್ನು ಮಗ. ಅವನು ಬರಬೇಕೋ ಬೇಡವೋ ಎಂಬುದನ್ನು ನೀವೂ ತೀರ್ಮಾನಿಸಬೇಡಿ, ನಿಮ್ಮ ಗೆಳತಿಗೂ ಆ ಕಷ್ಟ ಕೊಡಬೇಡಿ. ಮದುಮಗಳು ಹೇಳಲಿ. ಅವರಿಬ್ಬರೂ ಈಗಲೂ ಮಾತಾಡಿಕೊಂಡಿದ್ದಾರೆ ಎಂದು ನೀವೇ ಬರೆದಿದ್ದೀರಿ, ಆಗಲೇ ಏನೋ ಮಾತಾಡಿಕೊಂಡಿರಲೂಬಹುದು. ಅವಳಿಗೆ ಒಡಹುಟ್ಟಿದವರಿಲ್ಲ. ಲಾಜಾಹೋಮದಲ್ಲಿ ಮದುಮಗಳ ಬೊಗಸೆಗೆ ಅರಳು ಹಾಕಲು ಒಬ್ಬ ಅಣ್ಣ ಬೇಕಾಗುತ್ತದೆ, ಅವರ ಮನೆಯಲ್ಲಿ ಆ ಶಾಸ್ತ್ರ ಇದ್ದರೆ. ಯಾರೋ ದೊಡ್ಡಪ್ಪನ ಮಗನನ್ನು ಗೊತ್ತು ಮಾಡಿರಬಹುದು. ಆ ಮಾತನ್ನು ನೀವಾಗಿ ಎತ್ತಬೇಡಿ. ಅವಳೇ ಕರೆದರೆ ಇವನು ಪಂಚೆ ಉಟ್ಟು ನಿಲ್ಲಲಿ. ಕರೆಯದಿದ್ದರೆ ಎರಡನೇ ಪಂಕ್ತಿಗೆ ಅನ್ನ ಬಡಿಸಲಿ. ಪುಣೆಯಿಂದ ಬರುವ ರೈಲಿನಲ್ಲಿ ಕೊನೆ ಗಳಿಗೆಗೆ ಸೀಟು ಸಿಗುವುದಿಲ್ಲ, ಟಿಕೆಟ್ ಈಗಲೇ ಮಾಡಿಸಿಡಲು ಹೇಳಿ.

— ಸಂ.